ಶಿವಗಂಗೆಯ ಮೆಟ್ಟಿಲುಗಳು

ಬೆಟ್ಟದ ಅಡಿಯಲ್ಲಿ ಊರು, ನಡುವೆ ಗವಿ, ಗವಿಯ ಬಳಿ ಮಠ, ನೆತ್ತಿಯಲ್ಲಿ ದೇವರು: ಇದು ನಮ್ಮ ನಾಡಿನ ಅನೇಕ ಪುಣ್ಯಕ್ಷೇತ್ರಗಳ ಲಕ್ಷಣವಾಗಿರುವುದು. ಇಂತಹ ಕ್ಷೇತ್ರಗಳಿಗೆ ಹೋಗಬೇಕೆಂದರೆ ದೂರದೇಶದ ಪ್ರಯಾಣವೂ ಬಹುದಿನದ ಬಿಡುವೂ ಬೇಕೆಂದು ಭಾವಿಸುವ ಗೃಹಸ್ಥರು ಬಹುಮಂದಿ ಉಂಟು. ಆದರೆ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ವಾಸಿಸುವವರಿಗೆ, ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿಯೇ ಇಂತಹುದೊಂದು ಸ್ಥಳವುಂಟು. ಅದೇ ಶಿವಗಂಗೆ. ಈ ಲೇಖನದಲ್ಲಿ ಆ ಬೆಟ್ಟದ ಹಾದಿಯನ್ನೂ, ಅದರ ಸ್ಥಳಪುರಾಣವನ್ನೂ, ಚರಿತ್ರೆಯನ್ನೂ, ಅದಕ್ಕೂ ನಮ್ಮ ಮನೆಯ ಕೊಡಕ್ಕೂ ಇದ್ದ ಸಂಬಂಧವನ್ನೂ ವಾಚಕರ ಮುಂದಿಡುವುದು ನಮ್ಮ ಉದ್ದೇಶವಾಗಿದೆ.

ಮಾಗಡಿ ರಸ್ತೆಯ ಹೇರೋಹಳ್ಳಿಯು ಒಂದು ಕಾಲದಲ್ಲಿ ಕೆರೆಯನ್ನು ನಂಬಿಕೊಂಡು ಬಾಳಿದ ಹಳ್ಳಿಯಾಗಿದ್ದಿತು. ನಗರವು ಬೆಳೆದು ಬೆಳೆದು 2007ರಲ್ಲಿ ಅದನ್ನು ತನ್ನ ಎಲ್ಲೆಯೊಳಗೆ ಸೇರಿಸಿಕೊಂಡಿತು. ಅಲ್ಲಿಂದ ಶಿವಗಂಗೆಗೆ ಸುಮಾರು ಮೂವತ್ತು ಮೈಲಿಯ ದಾರಿ. ಊರಿನ ಪಶ್ಚಿಮಕ್ಕೆ ಹಾಯುವ ನೈಸ್ ರಸ್ತೆಯನ್ನು ಹಿಡಿದು ತುಮಕೂರು ರಸ್ತೆಯನ್ನು ಸೇರಿ, ನೆಲಮಂಗಲವನ್ನು ದಾಟಿ, ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಕೆಲವೇ ಮೈಲಿಗಳಲ್ಲಿ ಬೆಟ್ಟದ ಬುಡವನ್ನು ಮುಟ್ಟಬಹುದು. ಹಿಂದಿನ ಕಾಲದ ದಾರಿಯನ್ನೇ ಹಿಡಿಯಬೇಕೆಂಬ ಆಸೆಯುಳ್ಳವರು ತಾವರೆಕೆರೆ, ಮಾಗಡಿಗಳ ಮೇಲೆ ಬಳಸಿಕೊಂಡು ಹೋಗಬಹುದು. ಈ ಎರಡನೆಯ ದಾರಿಯು ಕೆಂಪೇಗೌಡರ ವಂಶದವರು ಆಳಿದ ನಾಡಿನ ನಡುವೆ ಸಾಗುವುದರಿಂದ, ಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆ ಅದೇ ಹೆಚ್ಚು ಇಷ್ಟವಾದೀತು.

ಸಮುದ್ರಮಟ್ಟದಿಂದ 4,500 ಅಡಿಗೂ ಮಿಗಿಲಾಗಿ ಎದ್ದಿರುವ ಈ ಬೆಟ್ಟಕ್ಕೆ ಪುರಾಣದ ಹೆಸರು ಕಕುದ್ಗಿರಿ. ಕಕುದ್ ಎಂದರೆ ವೃಷಭದ ಹಿಣಿಲು. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ, ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ರೂಪವಾಗಿ ಬೆಟ್ಟವು ತೋರುವುದೆಂದು ಭಕ್ತರು ಹೇಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಗಳು ಈ ಮಾತನ್ನು ಮೊದಲೇ ತಿಳಿಸಿದರೆ, ಬೆಟ್ಟವು ಕಣ್ಣಿಗೆ ಬಿದ್ದೊಡನೆಯೇ ಅವರಿಗೆ ಒಳ್ಳೆಯ ಆಟವಾಗುವುದು. ಶಿಖರಕ್ಕೆ ಎಷ್ಟು ಮೆಟ್ಟಿಲುಗಳೋ ಕಾಶಿಗೆ ಅಷ್ಟು ಯೋಜನಗಳೆಂದೂ, ಆದ್ದರಿಂದ ಈ ಬೆಟ್ಟವನ್ನು ಹತ್ತಿದವರಿಗೆ ಕಾಶೀಯಾತ್ರೆಯ ಫಲವು ಲಭಿಸುವುದೆಂದೂ ಹಳಬರ ನಂಬಿಕೆ. ದಕ್ಷಿಣಕಾಶಿಯೆಂಬ ಬಿರುದು ಇದಕ್ಕೆ ಸಂದಿರುವುದೂ ವಿಚಿತ್ರವಲ್ಲ.

ಊರಿನ ಬೀದಿಯನ್ನು ದಾಟಿದೊಡನೆ ಮೆಟ್ಟಿಲುಗಳು ಆರಂಭವಾಗುತ್ತವೆ. ಮೊದಲ ಭಾಗವು ಸುಲಭವಾದುದು. ವಯಸ್ಸಾದವರೂ ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡು ಗಂಗಾಧರೇಶ್ವರನ ಗುಡಿಯವರೆಗೆ ಹೋಗಬಲ್ಲರು. ಗಂಗಾಧರೇಶ್ವರನ ಸನ್ನಿಧಿಯೂ ಹೊನ್ನಾದೇವಿಯ ಸನ್ನಿಧಿಯೂ ಕಟ್ಟಡಗಳೆನ್ನುವುದಕ್ಕಿಂತ ಗವಿಗಳೆನ್ನುವುದೇ ಸರಿ. ಪ್ರಕೃತಿಯೇ ತೆರೆದುಕೊಟ್ಟ ಬಂಡೆಯ ಒಡಲಿಗೆ ಮನುಷ್ಯನು ಕಂಬವನ್ನೂ ಬಾಗಿಲನ್ನೂ ಸೇರಿಸಿದ್ದಾನೆ, ಅಷ್ಟೇ. ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡನ ಲೋಹದ ವಿಗ್ರಹವೊಂದು, ಅವನು ಕಾಲವಾದ ಎಷ್ಟೋ ವರ್ಷಗಳ ಮೇಲೆ, 1609ರಲ್ಲಿ ಈ ದೇವಾಲಯದಲ್ಲಿ ಪ್ರತಿಷ್ಠಿತವಾಯಿತು. ಇಲ್ಲಿನ ಗರ್ಭಗುಡಿಯಿಂದ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರನ ಗುಡಿಯವರೆಗೆ ನೆಲದೊಳಗೆ ಒಂದು ಸುರಂಗವುಂಟೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ.

ಈ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪವನ್ನು ತಿಕ್ಕಿದರೆ ಅದು ಬೆಣ್ಣೆಯಾಗುವುದೆಂಬುದು ಈ ಕ್ಷೇತ್ರದ ಬಹು ದೊಡ್ಡ ಮಹಿಮೆ. ಭಕ್ತರು ಮನೆಯಿಂದ ತುಪ್ಪವನ್ನು ಒಯ್ದು, ಅರ್ಚಕರ ಕೈಯಿಂದ ಬಿಳಿಯ ಬೆಣ್ಣೆಯಂತಹ ಪ್ರಸಾದವನ್ನು ಪಡೆದು ಬರುತ್ತಾರೆ. ಆಯುರ್ವೇದವನ್ನು ಬಲ್ಲ ಮನೆಗಳಲ್ಲಿ ಶತಧೌತಘೃತವೆಂಬ ಲೇಪವುಂಟಷ್ಟೆ. ತುಪ್ಪಕ್ಕೆ ತಣ್ಣೀರನ್ನು ಹಾಕಿ ತಿಕ್ಕಿ ತಿಕ್ಕಿ ನೂರು ಬಾರಿ ತೊಳೆದರೆ ಅದು ಹಳದಿಯ ಬಣ್ಣವನ್ನು ಬಿಟ್ಟು ಬೆಣ್ಣೆಗಿಂತಲೂ ಬಿಳುಪಾಗಿ, ಮೃದುವಾಗಿ ಬರುವುದು. ಸುಟ್ಟ ಗಾಯಕ್ಕೂ ಬಿರಿದ ಚರ್ಮಕ್ಕೂ ಅದನ್ನು ಹಚ್ಚುವರು. ತಣ್ಣನೆಯ ಕಲ್ಲು, ನೀರು, ಕೈಯ ತಿಕ್ಕಾಟ ಇವು ತುಪ್ಪಕ್ಕೆ ಏನು ಮಾಡಬಲ್ಲವೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ. ಇದನ್ನು ತಿಳಿದ ಮಾತ್ರಕ್ಕೆ ಪ್ರಸಾದದ ಮೇಲಿನ ಭಕ್ತಿಯು ಕುಂದಬೇಕಾದುದೂ ಇಲ್ಲ.

ಶಿವಗಂಗೆಯಲ್ಲಿ ಮಠಗಳಿಗೂ ಕೊರತೆಯಿಲ್ಲ. ವೀರಶೈವರ ಮೇಲಣಗವಿ ಮಠವು ತನ್ನ ಹೆಸರಿನಿಂದಲೇ ತಾನು ನೆಲೆಸಿದ ಬಗೆಯನ್ನು ಸಾರುತ್ತಿದೆ. ಶೃಂಗೇರಿಯ ಪರಂಪರೆಗೆ ಸೇರಿದ ಶಾರದಾಪೀಠವೂ ಈ ಊರಿನಲ್ಲಿ ಉಂಟು. ಒಂದೇ ಬೆಟ್ಟವನ್ನು ಆಶ್ರಯಿಸಿ ಎರಡು ಸಂಪ್ರದಾಯಗಳ ಯತಿಗಳು ಬಾಳಿರುವುದೂ, ಇವೆರಡಕ್ಕೂ ಸೇರದ ಜೈನಳಾದ ಮಹಾರಾಣಿಯೊಬ್ಬಳ ಹೆಸರು ಇದೇ ಬೆಟ್ಟಕ್ಕೆ ಅಂಟಿಕೊಂಡಿರುವುದೂ ಮನನ ಮಾಡತಕ್ಕ ಸಂಗತಿಗಳು.

ಹೊರದೇಶಗಳಲ್ಲಿಯೂ ಈ ಬಗೆಯ ಹಾದಿಗಳು ಇಲ್ಲದಿಲ್ಲ. ಗ್ರೀಸ್ ದೇಶಕ್ಕೆ ಸೇರಿದ ಪಾಟ್ಮೋಸ್ ಎಂಬ ಸಣ್ಣ ದ್ವೀಪದಲ್ಲಿ, ಸ್ಕಾಲಾ ಎಂಬ ರೇವುಪಟ್ಟಣದಿಂದ ಕಲ್ಲು ಹಾಸಿದ ಹಳೆಯ ಕಾಲುದಾರಿಯೊಂದು ಗುಡ್ಡದ ಮೇಲಿನ ಸಂತ ಯೋಹಾನನ ಮಠಕ್ಕೆ ಏರಿ ಹೋಗುವುದು. ಅಲ್ಲಿಯೂ ನಡುದಾರಿಯಲ್ಲಿ ಒಂದು ಗವಿ. ಯೋಹಾನನಿಗೆ ದೈವದರ್ಶನವಾದುದು ಆ ಗವಿಯಲ್ಲಿಯೇ ಎಂದು ಕ್ರೈಸ್ತರ ಶ್ರದ್ಧೆ. ಚಕ್ರವರ್ತಿ ಅಲೆಕ್ಸಿಯಸನು ಆ ದ್ವೀಪವನ್ನು ಕ್ರಿಸ್ಟೊಡೌಲೋಸನೆಂಬ ಸನ್ಯಾಸಿಗೆ ದಾನವಾಗಿ ಕೊಟ್ಟುದು 1088ರಲ್ಲಿ. ಆ ಮಠವು ಎದ್ದ ನಾಲ್ಕೈದು ದಶಕಗಳೊಳಗಾಗಿಯೇ ನಮ್ಮ ಶಿವಗಂಗೆಯು ಹೊಯ್ಸಳರ ಶಾಸನದಲ್ಲಿ ತೀರ್ಥವೆಂದು ಹೆಸರುಗೊಂಡಿತು. ಕಡಲಿನಾಚೆಯ ಜನರೂ ನಮ್ಮವರೂ ಒಬ್ಬರನ್ನೊಬ್ಬರು ಅರಿಯದೆಯೇ ಕಲ್ಲು, ಗವಿ, ಎತ್ತರ ಈ ಮೂರರಲ್ಲಿ ದೇವರನ್ನು ಹುಡುಕಿದರು.

ಗಂಗಾಧರೇಶ್ವರನ ಗುಡಿಯ ಸಮೀಪದಲ್ಲಿ ಪಾತಾಳಗಂಗೆಯೂ, ಅಲ್ಲಿಂದ ಮೇಲೆ ಒಳಕಲ್ಲು ತೀರ್ಥವೂ ಇವೆ. ಒಳಕಲ್ಲು ತೀರ್ಥದಲ್ಲಿ ಬಂಡೆಯೊಳಗಿನ ಒರಳಿನಂತಹ ಕುಳಿಗೆ ಕೈಯಿಳಿಸಿ ನೀರನ್ನು ಮುಟ್ಟಬೇಕು. ನೀರು ಸಿಕ್ಕಿದವರು ಪುಣ್ಯವಂತರೆಂದು ಜನರಾಡುವರು. ಈ ಸ್ಥಳದಲ್ಲಿ ನಮ್ಮ ಸಹೋದರಿಯರಿಗೆ ಒಂದು ಮಾತನ್ನು ಹೇಳಬೇಕಾಗಿದೆ. ನೀರು ಕೈಗೆ ಎಟಕದ ಸೊಸೆಯನ್ನೋ ಮಗಳನ್ನೋ ಸುತ್ತಲಿನವರು ಬೇರೆಯ ಕಣ್ಣಿನಿಂದ ನೋಡುವುದುಂಟು. ಒಬ್ಬರ ತೋಳು ನೀಳ, ಒಬ್ಬರದು ಗಿಡ್ಡ. ತೀರ್ಥವು ಮುಟ್ಟಿ ನಮಸ್ಕರಿಸುವುದಕ್ಕಾಗಿ ಇರುವುದೇ ಹೊರತು ಮನೆಯವರ ಗುಣವನ್ನು ಅಳೆಯುವುದಕ್ಕಾಗಿ ಅಲ್ಲ.

ಇಲ್ಲಿಂದ ಮುಂದಿನ ಹಾದಿಯು ಕಠಿಣವಾದುದು. ಬೋಳುಬಂಡೆಯಲ್ಲಿಯೇ ಕಡಿದ ಸಣ್ಣ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಸರಳುಗಳು, ಕೆಳಗೆ ನೋಡಿದರೆ ತಲೆ ತಿರುಗುವಷ್ಟು ಆಳ. ಬಂಡೆಯ ತುದಿಯೊಂದರ ಮೇಲೆ ಕಡೆದ ಬಸವನು ಗಾಳಿಗೆ ಎದೆಯೊಡ್ಡಿ ಕುಳಿತಿದ್ದಾನೆ. ಧೈರ್ಯವುಳ್ಳವರು ಇಕ್ಕಟ್ಟಾದ ಜಾಗದಲ್ಲಿ ಅವನಿಗೆ ಪ್ರದಕ್ಷಿಣೆ ಬರುತ್ತಾರೆ. ನೆತ್ತಿಯಲ್ಲಿ ತೀರ್ಥಕಂಬವುಂಟು. ಮಕರಸಂಕ್ರಾಂತಿಯ ದಿನ ಆ ಕಂಬದ ಬುಡದಲ್ಲಿ ಒಸರುವ ಗಂಗೆಯನ್ನು ತಂದು, ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ನಡೆಯುವ ಗಿರಿಜಾಕಲ್ಯಾಣದಲ್ಲಿ ಧಾರೆಯೆರೆಯುವುದು ಈ ಕ್ಷೇತ್ರದ ಸಂಪ್ರದಾಯ.

ಶಿಖರದ ಬಳಿಯ ಒಂದು ಕಡಿದಾದ ಅಂಚಿಗೆ ಶಾಂತಲೆಯ ಹೆಸರಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲಾದೇವಿಯು, ತನಗೆ ಪುತ್ರಸಂತಾನವಿಲ್ಲವೆಂದು ಕೊರಗಿ, ಗಂಡನು ಮತ್ತೊಬ್ಬಳಿಂದ ಮಗನನ್ನು ಪಡೆಯಲಿ ಎಂದು ಈ ಅಂಚಿನಿಂದ ಕೆಳಕ್ಕೆ ಬಿದ್ದು ಪ್ರಾಣಬಿಟ್ಟಳೆಂದು ಕಥೆ. ಇದನ್ನು ಕೇಳಿ ಕಣ್ಣೊರೆಸಿಕೊಳ್ಳದೆ ಇಳಿದ ಹೆಂಗಸರು ವಿರಳ. ಆದರೆ ಕಲ್ಲು ಹೇಳುವುದೇನು? ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಶಾಂತಲೆಯೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಲ್ಲಿ, ಒಂದು ಶಾಸನವುಂಟು. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಅವಳು ಸ್ವರ್ಗಸ್ಥಳಾದಳೆಂದು ಅದು ತಿಳಿಸುತ್ತದೆ. ಸಾವು ಯಾವ ರೀತಿಯಿಂದ ಬಂದಿತೆಂಬುದನ್ನು ಹೇಳುವುದಿಲ್ಲ. ಬಂಡೆಯ ಮಾತಿಲ್ಲ, ಬಿದ್ದ ಮಾತಿಲ್ಲ, ಮಕ್ಕಳಿಲ್ಲದ ಮಾತೂ ಇಲ್ಲ.

ಅದೇ ಶಾಸನವು ಮತ್ತೊಬ್ಬಳ ಸಂಗತಿಯನ್ನು ವಿಸ್ತಾರವಾಗಿ ಹೇಳುತ್ತದೆ. ಅದನ್ನು ಬೆಟ್ಟದ ಮೇಲೆ ಯಾರೂ ಹೇಳುವುದಿಲ್ಲ. ಶಾಂತಲೆಯ ತಾಯಿ ಮಾಚಿಕಬ್ಬೆಯು ಮಗಳ ಅಗಲಿಕೆಯ ತರುವಾಯ ಬೆಳಗೊಳಕ್ಕೆ ಬಂದು, ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳ ಉಪವಾಸದಿಂದ ದೇಹವನ್ನು ತೊರೆದಳು. ತಂದೆ ಮಾರಸಿಂಗಮಯ್ಯನು ಶಿವಭಕ್ತ, ತಾಯಿ ಜಿನಭಕ್ತೆ, ಗಂಡನು ಬೇಲೂರಿನಲ್ಲಿ ಚೆನ್ನಕೇಶವನಿಗೆ ಗುಡಿಯನ್ನೆತ್ತಿಸಿದವನು; ಇಂತಹ ಮನೆಯಲ್ಲಿ ಬೆಳೆದು ಬಾಳಿದ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದೂ, ದಾನಶೀಲೆಯೆಂದೂ ಕೊಂಡಾಡುತ್ತವೆ. ಬೇಲೂರಿನ ಕಪ್ಪೆಚೆನ್ನಿಗರಾಯನ ಗುಡಿಯು ಅವಳದೇ. ಇಷ್ಟೆಲ್ಲವನ್ನೂ ಮರೆತು, ಮಗನನ್ನು ಹೆರದ ಹೆಣ್ಣು ಸಾಯಬೇಕೆಂಬ ನೀತಿಯೊಂದನ್ನು ಮಾತ್ರ ಅವಳ ಹೆಸರಿಗೆ ಕಟ್ಟಿಡುವುದು ನ್ಯಾಯವೇ? ಸಂತಾನದ ಹರಕೆಯನ್ನು ಹೊತ್ತು ಮೆಟ್ಟಿಲೇರುವ ಹೆಣ್ಣುಮಕ್ಕಳು ಇಂದಿಗೂ ಇರುವರು. ಅವರ ಜೊತೆಯಲ್ಲಿ ಹೋಗುವ ಅತ್ತೆಯರೂ ತಾಯಂದಿರೂ, ಆ ಅಂಚಿನ ಬಳಿ ನಿಂತಾಗ, ಬಂಡೆಯ ಕಥೆಯ ಬದಲು ಶಾಸನದ ಕಥೆಯನ್ನು ಹೇಳುವುದು ಲೇಸು. ಮಗಳನ್ನು ಕಳೆದುಕೊಂಡ ತಾಯಿಗೆ ಬದುಕು ಹೇಗಾಯಿತೆಂಬುದನ್ನು ಕೇಳಿದ ಹುಡುಗಿಗೆ, ತನ್ನ ಪ್ರಾಣದ ಬೆಲೆಯು ತನ್ನ ತಾಯಿಯ ಮನೆಯಲ್ಲಿ ಎಷ್ಟೆಂಬುದು ತಿಳಿಯುವುದು.

ಇನ್ನು ನೀರಿನ ಮಾತು. ಗಂಗೆಯ ಹೆಸರನ್ನು ಹೊತ್ತ ಈ ಬೆಟ್ಟದ ಸೀಮೆಯಲ್ಲಿ ಕುಮುದ್ವತಿಯೆಂಬ ಹೊಳೆಯು ಹುಟ್ಟುತ್ತದೆ. ಅದು ಹರಿದು ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುವುದು. ಆ ಸಂಗಮದಲ್ಲಿಯೇ 1933ರಲ್ಲಿ ಚಾಮರಾಜಸಾಗರವನ್ನು ಕಟ್ಟಿ, ಬೆಂಗಳೂರಿಗೆ ಕುಡಿಯುವ ನೀರನ್ನು ತಂದರು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ನಗರದ ಬಾಯಾರಿಕೆಯನ್ನು ತಣಿಸಿದವುಗಳಲ್ಲಿ ಇದೇ ಮುಖ್ಯವಾದುದು. ಆಮೇಲೆಯೂ ಪಶ್ಚಿಮದ ಬಡಾವಣೆಗಳ ಎಷ್ಟೋ ಮನೆಗಳಿಗೆ ಇದರ ನೀರೇ ಆಧಾರವಾಗಿದ್ದಿತು. ಶಿವಗಂಗೆಯಿಂದ ಬೆಂಗಳೂರಿಗೆ ನೆಲದೊಳಗಿನ ಸುರಂಗವನ್ನು ಕಂಡವರಿಲ್ಲ. ಆದರೆ ಬೆಟ್ಟದ ಮೇಲೆ ಬಿದ್ದ ಮಳೆಯು ಹೊಳೆಯಾಗಿ, ಸಾಗರವಾಗಿ, ಕೊಳವೆಯೊಳಗೆ ಹಾದು ನಮ್ಮ ಹಿರಿಯರ ಹಂಡೆಗಳನ್ನು ತುಂಬಿದುದು ಸಂಶಯವಿಲ್ಲದ ಮಾತು.

ಆ ಸೌಭಾಗ್ಯವು ಬಹುಕಾಲ ನಿಲ್ಲಲಿಲ್ಲ. ಕೊಳವೆಬಾವಿಗಳು ನೆಲದ ನೀರನ್ನು ಹೀರಿದವು; ನೀಲಗಿರಿಯ ತೋಪುಗಳು ಹೆಚ್ಚಿದವು; ಹಳ್ಳಗಳು ಮುಚ್ಚಿದವು; ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ಕಾಲುವೆಗಳು ಕಡಿದುಹೋದವು. ಕುಮುದ್ವತಿಯು ಮಳೆಗಾಲದ ಹೊಳೆಯಾಯಿತು. ಅರ್ಕಾವತಿಯಲ್ಲಿ ಕೊಳಚೆಯು ಸೇರಿತು. ಈ ಶತಮಾನದ ಎರಡನೆಯ ದಶಕದಲ್ಲಿ ಚಾಮರಾಜಸಾಗರದಿಂದ ನಗರಕ್ಕೆ ನೀರು ಬರುವುದೇ ನಿಂತುಹೋಯಿತು. ಹೊಳೆಯನ್ನು ಮತ್ತೆ ಹರಿಯಿಸಬೇಕೆಂದು ಇಂಗುಬಾವಿಗಳನ್ನು ತೋಡಿ, ಕಲ್ಯಾಣಿಗಳ ಹೂಳನ್ನೆತ್ತಿ ದುಡಿದ ಸೇವಕರೂ ಗ್ರಾಮಸ್ಥರೂ ಉಂಟು. ನೂರಾರು ಮೈಲಿ ದೂರದ ಗಂಗೆಯನ್ನು ತಾಮ್ರದ ತಂಬಿಗೆಯಲ್ಲಿ ಮುಚ್ಚಿ ಪೂಜಿಸುವ ನಾವು, ನಮ್ಮ ಕಣ್ಣೆದುರಿನ ಗಂಗೆಯನ್ನು ಕಾಪಾಡಿಕೊಳ್ಳದೆ ಹೋದುದು ವಿಷಾದಕರ.

ಯಾತ್ರೆ ಹೊರಡುವವರಿಗೆ ಕೆಲವು ಸೂಚನೆಗಳು. ಬಿಸಿಲೇರುವ ಮುನ್ನ ಏಳು ಗಂಟೆಯ ಹೊತ್ತಿಗೆ ಬೆಟ್ಟದ ಬುಡದಲ್ಲಿರುವುದು ಒಳ್ಳೆಯದು; ಬಂಡೆಯು ಕಾದ ಮೇಲೆ ಹತ್ತುವುದು ದುಸ್ಸಾಧ್ಯ. ಮಳೆ ಬಿದ್ದ ದಿನ ಒಳಕಲ್ಲು ತೀರ್ಥದಿಂದ ಮೇಲಕ್ಕೆ ಹೋಗಬಾರದು, ಮೆಟ್ಟಿಲುಗಳು ಜಾರುವುವು. ಎಳೆಯ ಮಕ್ಕಳನ್ನೂ, ಎದೆಯ ಬೇನೆ, ಮಂಡಿನೋವುಗಳುಳ್ಳ ಹಿರಿಯರನ್ನೂ ಗಂಗಾಧರೇಶ್ವರನ ಸನ್ನಿಧಿಯಲ್ಲಿಯೇ ಒಬ್ಬರ ಜೊತೆಯಲ್ಲಿ ಕುಳ್ಳಿರಿಸಿ ಉಳಿದವರು ಮುಂದುವರಿಯತಕ್ಕದ್ದು. ಕೋತಿಗಳ ಕಾಟ ಬಹಳ. ಬಾಳೆಯಹಣ್ಣನ್ನಾಗಲಿ ಬುತ್ತಿಯನ್ನಾಗಲಿ ಕೈಯಲ್ಲಿ ತೂಗಾಡಿಸಿಕೊಂಡು ಹೋಗಬಾರದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಮೊಸರನ್ನವೂ ಹುಳಿಯನ್ನವೂ ದಣಿದ ಹೊಟ್ಟೆಗೆ ಹಿತ. ತಿಂದುಳಿದ ಎಲೆ, ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಬೆಟ್ಟದ ಮೇಲೆ ಎಸೆಯದೆ ಮರಳಿ ತನ್ನಿರಿ. ಅಲ್ಲಿ ಬಿಸುಟುದು ಮಳೆಯೊಡನೆ ಹೊಳೆಗೇ ಇಳಿಯುವುದು. ಗುಡಿಯವರೆಗೆ ಅರ್ಧಗಂಟೆ, ನೆತ್ತಿಗೆ ಸುಮಾರು ಎರಡು ಗಂಟೆ ಬೇಕಾದೀತು.

ಮೇಲಿನಿಂದ ನೋಡಿದರೆ ಸುತ್ತಲೂ ರಾಗಿಯ ಹೊಲಗಳು, ತೆಂಗಿನ ತೋಟಗಳು, ಅಲ್ಲಲ್ಲಿ ಹೊಳೆಯುವ ಕೆರೆಗಳು. ಆ ಕೆರೆಗಳಲ್ಲಿ ಎಷ್ಟರಲ್ಲಿ ನೀರಿದೆಯೆಂದು ಮಕ್ಕಳಿಂದ ಎಣಿಸಿಸಿರಿ. ಮರುವರ್ಷದ ಸಂಕ್ರಾಂತಿಗೆ ಹೋದಾಗ ಆ ಲೆಕ್ಕವನ್ನು ಮತ್ತೆ ತೆಗೆದು ನೋಡಬಹುದು.