ಮನೆ ಮೇಲೆ ಗೂಬೆ ಕೂತರೆ

ಸೂರಿನ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವವರು, ಒಳಗೆ ಹೊಕ್ಕರೆ ಕೆಲಕಾಲ ಮನೆಯನ್ನೇ ಬಿಡುವವರು ನಮ್ಮಲ್ಲಿದ್ದಾರೆ. ತಪ್ಪು ಹೊರಿಸುವುದಕ್ಕೂ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ವಿಚಿತ್ರವೆಂದರೆ, ಬುಡುಬುಡಿಕೆಯವರು ನಸುಕಿನಲ್ಲಿ ಬಂದು ‘ಹಾಲಕ್ಕಿ ನುಡಿಯುತೈತೆ’ ಎಂದು ಶಕುನ ಹೇಳುತ್ತಾರಲ್ಲ, ಆ ಹಾಲಕ್ಕಿಯೂ ಒಂದು ಪುಟ್ಟ ಗೂಬೆಯೇ! ಬಂಗಾಳದಲ್ಲಿ ಗೂಬೆ ಲಕ್ಷ್ಮಿಯ ವಾಹನ.

ಪಾಳು ಗುಡಿ, ಹಳೆಯ ಅಟ್ಟಗಳಲ್ಲಿ ಗೂಡು ಮಾಡುವ ಕಣಜ ಗೂಬೆಯ ಚೀತ್ಕಾರ ನಡುರಾತ್ರಿ ಕೇಳಿದರೆ ಎದೆ ನಡುಗುವುದು ನಿಜ. ಆದರೆ ಅದು ಬರುವುದು ಸಾವಿನ ಸುದ್ದಿ ಹೊತ್ತಲ್ಲ, ಇಲಿ ಹುಡುಕಿಕೊಂಡು. ಅದರ ಒಂದು ಕಿವಿ ಮೇಲೆ, ಇನ್ನೊಂದು ತುಸು ಕೆಳಗೆ. ಸದ್ದು ಎರಡಕ್ಕೂ ತಲುಪುವಾಗಿನ ಸೂಕ್ಷ್ಮ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲೂ ಇಲಿ ಇರುವ ಜಾಗ ಅದಕ್ಕೆ ತಿಳಿಯುತ್ತದೆ. ರೆಕ್ಕೆಗರಿಯ ಅಂಚು ಬಾಚಣಿಗೆಯ ಹಲ್ಲಿನಂತಿದ್ದು, ಹಾರುವ ಸದ್ದೇ ಕೇಳಿಸದು.

ಗೂಡಿನ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅವು ಹಿಕ್ಕೆಯಲ್ಲ. ಇಲಿಯನ್ನು ಇಡಿಯಾಗಿ ನುಂಗಿದ ಗೂಬೆ, ಅರಗದ ಕೂದಲು, ಮೂಳೆಗಳನ್ನು ಹೀಗೆ ಬಾಯಿಂದ ಉಗುಳುತ್ತದೆ. ನೀರಲ್ಲಿ ನೆನೆಸಿ ಬಿಡಿಸಿದರೆ ಇಲಿಯ ಪುಟಾಣಿ ತಲೆಬುರುಡೆ ಹಲ್ಲುಸಹಿತ ಸಿಗುತ್ತದೆ. ರೈತರ ಕಣಜ ಕಾಯುವ ಇಂಥ ಹಕ್ಕಿಯನ್ನು ಮಾಟಮಂತ್ರಕ್ಕೆಂದು ಹಿಡಿದು ಕೊಲ್ಲುವುದು ಘೋರ ಅನ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು.