ಬಿಚ್ಚಲು ಒಪ್ಪದ ಹೈಡ್ರಾಲಿಕ್ ನಟ್ಟು: ಸ್ಪ್ಯಾನರ್ ಹಿಡಿಯುವ ಮೊದಲು

ಕಳೆದ ವರ್ಷ ಮೇ ಕೊನೆಯ ವಾರ. ನಮ್ಮ ಅಡಿಕೆ ತೋಟಕ್ಕೆ ಇನ್ನೂ ನಾಲ್ಕು ಟ್ರೇಲರ್ ಕೊಟ್ಟಿಗೆ ಗೊಬ್ಬರ ಬೀಳಬೇಕಿತ್ತು. ದಿನಾ ಸಂಜೆ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ನಮ್ಮ ಸಾಗರದ ಕಡೆ ಒಮ್ಮೆ ಮಳೆ ಹಿಡಿಯಿತೆಂದರೆ ತೋಟದ ಇಳಿಜಾರಿಗೆ ಟ್ರ್ಯಾಕ್ಟರ್ ಇಳಿಸೋದನ್ನ ದೀಪಾವಳಿವರೆಗೆ ಮರೆತುಬಿಡಬೇಕು. ಸರಿಯಾಗಿ ಅದೇ ಹೊತ್ತಿಗೆ ಟ್ರೇಲರಿನ ಜಾಕಿಗೆ ಹೋಗುವ ಹೈಡ್ರಾಲಿಕ್ ಪೈಪಿನ ನಟ್ಟಿನ ಬುಡದಲ್ಲಿ ಎಣ್ಣೆ ಜಿನುಗಲು ಶುರುವಾಯ್ತು. ಮೊದಲ ದಿನ ಹನಿ, ಮೂರನೇ ದಿನ ಧಾರೆ.

ನಟ್ಟು ಇರೋದು ಬಾಡಿಯ ಅಡಿಗೆ. ಬಾಡಿ ಇಳಿದಿದ್ದರೆ ಕೈ ಹೋಗಲ್ಲ. ಹಾಗಾಗಿ ಖಾಲಿ ಬಾಡಿ ಎತ್ತಿದೆ, ಎಂಜಿನ್ ಆಫ್ ಮಾಡಿದೆ, 27ರ ಸ್ಪ್ಯಾನರ್ ಹಿಡಿದು ಒಳಗೆ ತೂರಿದೆ. ನಟ್ಟು ಅಲುಗಲಿಲ್ಲ. ಎರಡು ಸಲ ಸ್ಪ್ಯಾನರ್ ಜಾರಿ ನಟ್ಟಿನ ಒಂದು ಮೂಲೆ ಸವೆದು ದುಂಡಗಾಯ್ತು. ಸಿಟ್ಟು ಬಂತು. ಸ್ಪ್ಯಾನರಿನ ಹಿಡಿಗೆ ಜಿಐ ಪೈಪಿನ ತುಂಡು ತೊಡಿಸಿ ಮೈಭಾರ ಹಾಕಿ ಎಳೆಯುತ್ತಿದ್ದೆ. ಅಪ್ಪ ಕೊಟ್ಟಿಗೆ ಕಡೆಯಿಂದ ಬಂದವರು ಬಗ್ಗಿ ನೋಡಿ ಒಂದೇ ಮಾತು ಕೇಳಿದರು:

"ಅಲ್ವೋ, ನೀನು ಬಿಚ್ಚೋಕೆ ಹೊರಟಿರೋ ಪೈಪಿನೊಳಗಿನ ಎಣ್ಣೆ ಮೇಲೇ ಅಲ್ವೇನೋ ಆ ಬಾಡಿ ನಿಂತಿರೋದು?"

ಕೈ ಅಲ್ಲೇ ತಣ್ಣಗಾಯ್ತು. ಆಸರೆ ಕೊಟ್ಟಿರಲಿಲ್ಲ. ಖಾಲಿ ಇದ್ದರೂ ಕ್ವಿಂಟಾಲ್‌ಗಟ್ಟಲೆ ತೂಗುವ ಕಬ್ಬಿಣ ನನ್ನ ಬೆನ್ನ ಮೇಲೆ, ಒಂದು ತುಕ್ಕು ಹಿಡಿದ ನಟ್ಟಿನ ನಂಬಿಕೆಯಲ್ಲಿ. ಅವತ್ತು ಆ ನಟ್ಟು ಜಾಮ್ ಆಗಿದ್ದಕ್ಕೇ ನಾನು ಇವತ್ತು ಈ ಲೇಖನ ಬರೀತಿದ್ದೀನಿ. ತೋಟಗಾರಿಕೆ ಪದವಿಯಲ್ಲಿ ನಾಲ್ಕು ವರ್ಷ ಕಸಿ, ಕೀಟ, ಪೋಷಕಾಂಶ ಎಲ್ಲ ಓದಿದೆ. ನಟ್ಟು ಬಿಚ್ಚೋದು ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ಮೊದಲ ಕೆಲಸ ಒತ್ತಡ ಇಳಿಸೋದು. ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್ ಒತ್ತಡ ಬರಬಹುದು. ಬೈಕಿನ ಟೈರಿನಲ್ಲಿರೋದು 2 ಬಾರ್ ಆಸುಪಾಸು, ಹೋಲಿಸಿ ನೋಡಿ. ಬಾಡಿ ಇಳಿಸಿಯೇ ಕೆಲಸ ಆಗುವಂತಿದ್ದರೆ ಪೂರ್ತಿ ಇಳಿಸಿಬಿಡಿ. ಎತ್ತಲೇಬೇಕು ಅಂದರೆ ಖಾಲಿ ಬಾಡಿ ಎತ್ತಿ, ಚಾಸಿಸ್‌ಗೂ ಬಾಡಿಗೂ ನಡುವೆ ಕಬ್ಬಿಣದ ಆಸರೆ ನಿಲ್ಲಿಸಿ. ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಲಿವರನ್ನು ನಿಧಾನಕ್ಕೆ ಇಳಿಸುವ ಕಡೆಗೆ ತಂದು, ಬಾಡಿಯ ಭಾರ ಜಾಕಿನಿಂದ ಆಸರೆಯ ಮೇಲೆ ಬಂದು ಕೂರುವಂತೆ ಮಾಡಬೇಕು. ಭಾರ ಕೂತಿದೆ ಅನ್ನೋದು ಖಾತ್ರಿಯಾದ ಮೇಲೆ ಎಂಜಿನ್ ಆಫ್ ಮಾಡಿ, ಲಿವರ್ ಇಳಿಸುವ ಕಡೆಯಲ್ಲೇ ಇರಲಿ, ಕೀ ಜೇಬಿನಲ್ಲಿ ಇರಲಿ. ಆಸರೆ ನಿಲ್ಲಿಸಿ ಭಾರ ಮಾತ್ರ ಜಾಕಿನ ಮೇಲೇ ಬಿಟ್ಟರೆ ಪೈಪಿನೊಳಗೆ ಒತ್ತಡ ಹಾಗೇ ಇರುತ್ತೆ. ಒತ್ತಡ ಥ್ರೆಡ್ಡನ್ನೂ ಬಿಗಿಯಾಗಿ ಒತ್ತಿ ಹಿಡಿಯೋದರಿಂದ ನಟ್ಟು ಇನ್ನೂ ಹಟ ಮಾಡುತ್ತೆ.

ನಮ್ಮ ಟ್ರೇಲರಿಗೂ ತಂದಾಗ ಆಸರೆ ಇತ್ತು. ಅದು ಎಲ್ಲಿ ಅಂತ ಹುಡುಕಿದರೆ ಕೊಟ್ಟಿಗೆಯ ಮಾಡಿಗೆ ಊರುಗಂಬವಾಗಿ ನಿಂತಿತ್ತು. ಪಕ್ಕದ ಮನೆಯವರದ್ದು ಕೇಳಿ ತಂದ್ವಿ.

ಆ ರಾತ್ರಿ ಭಾವನಿಗೆ ಫೋನ್ ಮಾಡಿದೆ. ಅವರು ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್, ಸ್ಟೀರಿಂಗ್, ವಿಂಚಿನ ಹೈಡ್ರಾಲಿಕ್ ಕೆಲಸ ಮಾಡುವವರು. "ಅರ್ಜೆಂಟ್ ಮಾಡ್ಬೇಡ ಮಾರಾಯ. ನಾವಿಲ್ಲಿ ಉಪ್ಪುನೀರಲ್ಲಿ ಕೂತದ್ದು ಬಿಚ್ಚುದು, ನಿಂದು ಬರೀ ಸಗಣಿ" ಅಂದರು. ಬೋಟಿನಲ್ಲಿ ಅಲ್ಯೂಮಿನಿಯಂ ಮೈಗೆ ಸ್ಟೀಲ್ ಫಿಟ್ಟಿಂಗ್ ಕೂತಿದ್ದರೆ, ಉಪ್ಪುನೀರು ಸೇರಿ ಎರಡು ಲೋಹಗಳ ನಡುವೆ ಬ್ಯಾಟರಿ ಥರದ ಕೆಲಸ ನಡೆಯುತ್ತೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಥ್ರೆಡ್ಡಿನೊಳಗೆ ಗಾರೆಯಂತೆ ಗಟ್ಟಿಯಾಗುತ್ತೆ. ನಮ್ಮ ಟ್ರೇಲರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ. ಅಲ್ಲಿ ತುಕ್ಕೇ ಗಾರೆ, ಯಾಕಂದ್ರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ. ಥ್ರೆಡ್ಡಿನ ಸಂದಿನಲ್ಲಿ ಉಬ್ಬಿ ಕೂರುತ್ತೆ.

ಬಿಚ್ಚುವ ಕ್ರಮ ಎರಡಕ್ಕೂ ಒಂದೇ. ಮೊದಲು ವೈರ್ ಬ್ರಷ್ಷಿನಿಂದ ನಟ್ಟಿನ ಸುತ್ತಲಿನ ಮಣ್ಣು, ಸಗಣಿ, ಹಳೆ ಬಣ್ಣ ಪೂರ್ತಿ ತೆಗೆಯಬೇಕು. ಕೊಳೆಯ ಮೇಲೆ ಎಣ್ಣೆ ಬಿಟ್ಟರೆ ಕೊಳೆಯೇ ಕುಡಿಯುತ್ತೆ. ಆಮೇಲೆ ತುಕ್ಕು ಸಡಿಲಿಸುವ ಸ್ಪ್ರೇ. ಅದಿಲ್ಲದಿದ್ದರೆ ಡೀಸೆಲ್ ಆದರೂ ಆದೀತು, ನಿಧಾನ ಅಷ್ಟೇ. ಕೊಬ್ಬರಿ ಎಣ್ಣೆ ಹಾಕೋರು ಇದ್ದಾರೆ, ಅದು ಮಂದ, ಸಂದಿಗೆ ಇಳಿಯಲ್ಲ. ಒಂದೇ ಸಲ ಸುರಿಯೋದಲ್ಲ. ಸ್ವಲ್ಪ ಬಿಟ್ಟು, ಸಣ್ಣ ಸುತ್ತಿಗೆಯಿಂದ ನಟ್ಟಿನ ಆರೂ ಮುಖಕ್ಕೆ ಟಕಟಕ ಅಂತ ತಟ್ಟಿ, ಅರ್ಧ ಗಂಟೆ ಬಿಟ್ಟು ಮತ್ತೆ ಅದೇ. ತಟ್ಟುವಾಗ ಎದುರು ಬದಿಗೆ ಭಾರದ ಕಬ್ಬಿಣ ಒತ್ತಿ ಹಿಡಿದರೆ ಏಟು ಪೈಪಿಗೆ ಹೋಗಲ್ಲ, ನಟ್ಟಿನಲ್ಲೇ ನಿಲ್ಲುತ್ತೆ. ನಾನು ಸಂಜೆ ನಾಲ್ಕು ಸಲ ಮಾಡಿ ಮಲಗಿದೆ. ರಾತ್ರಿ ಗುಡುಗು ಕೇಳುತ್ತಾ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಬೆಳಿಗ್ಗೆ ಎರಡು ಸ್ಪ್ಯಾನರ್. ಒಂದು ನಟ್ಟಿಗೆ, ಇನ್ನೊಂದು ಜಾಕಿಗೆ ಕೂತಿರುವ ಎಲ್ಬೋಗೆ. ಹಿಂದಿನ ದಿನ ಇದನ್ನೂ ಬಿಟ್ಟಿದ್ದೆ. ಎಲ್ಬೋ ಹಿಡಿಯದೆ ನಟ್ಟು ತಿರುವಿದರೆ ಎಲ್ಬೋನೇ ತಿರುಗುತ್ತೆ ಅಥವಾ ಸ್ಟೀಲ್ ಪೈಪು ಹುರಿಯಾಗಿ ಕೆಡುತ್ತೆ. ಬಾಯಿ ತೆರೆದ ಸ್ಪ್ಯಾನರ್ ನಟ್ಟನ್ನು ಎರಡೇ ಮುಖದಲ್ಲಿ ಹಿಡಿಯೋದರಿಂದ ಮೂಲೆ ಸವೆಯುತ್ತೆ. ಪೈಪು ತೂರಿಸಲು ಒಂದು ಕಡೆ ಸೀಳು ಬಿಟ್ಟ ರಿಂಗ್ ಸ್ಪ್ಯಾನರ್ ಸಿಗುತ್ತೆ, ಫ್ಲೇರ್ ನಟ್ ಸ್ಪ್ಯಾನರ್ ಅಂತ ಕೇಳಿ. ಹೈಡ್ರಾಲಿಕ್ ಇರುವ ಮನೆಯಲ್ಲಿ ಒಂದು ಇರಲೇಬೇಕು. ಪೈಪ್ ರೆಂಚ್ ಕೊನೆಯ ಉಪಾಯ, ಅದು ಹಲ್ಲಿನಿಂದ ಕಚ್ಚಿದ ನಟ್ಟಿಗೆ ಆಮೇಲೆ ಬೇರೆ ಯಾವ ಸ್ಪ್ಯಾನರೂ ಕೂರಲ್ಲ.

ಮೊದಲು ಬಿಚ್ಚೋ ಕಡೆಗಲ್ಲ, ಬಿಗಿ ಮಾಡೋ ಕಡೆಗೆ ಒಂದು ಕೂದಲೆಳೆಯಷ್ಟು. ಆಗ ತುಕ್ಕಿನ ಹಿಡಿತ ಒಡೆಯುತ್ತೆ. ಆಮೇಲೆ ಬಿಚ್ಚೋ ಕಡೆಗೆ. ಸ್ವಲ್ಪ ಬಂತು ಅಂದರೆ ಮತ್ತೆ ವಾಪಸ್, ಮತ್ತೆ ಎಣ್ಣೆ. ದನದ ಗೂಟ ಕೀಳುವಾಗ ಆಚೆ ಈಚೆ ಅಲ್ಲಾಡಿಸಿ ಅಲ್ಲಾಡಿಸಿ ಕೀಳ್ತೀವಲ್ಲ, ಹಾಗೆ. ಬಂತು ಅಂತ ಒಂದೇ ಸಮ ತಿರುವಿದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸೇರಿ ಅರ್ಧದಲ್ಲಿ ಮತ್ತೆ ಹಿಡಿದುಕೊಳ್ಳುತ್ತೆ.

ನನ್ನ ನಟ್ಟು ಅಷ್ಟಕ್ಕೂ ಬರಲಿಲ್ಲ. ಮೂಲೆ ಸವೆಸಿಕೊಂಡಿದ್ದೆನಲ್ಲ. ಆಗ ಭಾವ ಫೋನಿನಲ್ಲಿ ಹೇಳಿದ್ದು ನೆನಪಾಯ್ತು: "ಪೈಪು ಹೇಗೂ ಹೊಸತು ಹಾಕುದಲ್ಲ, ಮತ್ತೆ ಹಳತಿನ ಮೇಲೆ ಯಾಕೆ ಮರುಕ?" ಹೋಸ್ ಪೈಪಿನ ಪ್ರೆಸ್ ಮಾಡಿದ ಭಾಗಕ್ಕೂ ನಟ್ಟಿಗೂ ನಡುವೆ ಗೇಣಿನ ಕಾಲುಭಾಗದಷ್ಟು ಸ್ಟೀಲ್ ಕುತ್ತಿಗೆ ಇತ್ತು. ಒತ್ತಡ ಇಲ್ಲ ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಕೆಳಗೆ ಅಡಿಕೆ ಹಾಳೆ ಇಟ್ಟು, ಹ್ಯಾಕ್ಸಾದಿಂದ ಕುತ್ತಿಗೆ ಕೊಯ್ದೆ. ಪೈಪು ಹೋದ ಮೇಲೆ ನಟ್ಟಿನ ತಲೆಯ ಮೇಲಿಂದ ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಇಳಿಯಿತು. ಹನ್ನೆರಡು ಮೂಲೆಯದ್ದಾದರೆ ಸವೆದ ನಟ್ಟಿಗೆ ಜಾರುತ್ತೆ. ಉದ್ದ ಹಿಡಿ, ಒಂದು ಸಮನಾದ ಎಳೆತ, "ಟಕ್" ಅಂತ ಶಬ್ದ. ಅದಕ್ಕಿಂತ ಇಂಪಾದ ಶಬ್ದ ಆ ವಾರ ನಾನು ಕೇಳಲಿಲ್ಲ.

ಇಷ್ಟಾದರೂ ಬರದಿದ್ದರೆ ಹ್ಯಾಕ್ಸಾದಿಂದಲೇ ನಟ್ಟಿನ ಒಂದು ಮುಖವನ್ನು ಉದ್ದಕ್ಕೆ ಕೊಯ್ದು, ಒಳಗಿನ ಥ್ರೆಡ್ ಮುಟ್ಟುವ ಸ್ವಲ್ಪ ಮೊದಲು ನಿಲ್ಲಿಸಿ, ಉಳಿಯಿಂದ ಸೀಳಬಹುದು. ಗ್ರೈಂಡರ್ ಬೇಡ. ಎಣ್ಣೆ ಇರುವ ಕಡೆ ಕಿಡಿ, ಜೊತೆಗೆ ಪುಡಿ ಜಾಕಿನೊಳಗೆ ಹೋದರೆ ಸೀಲು ಗೀರಿಹೋಗುತ್ತೆ.

ಕಾಯಿಸುವ ವಿಷಯ ಹೇಳಲೇಬೇಕು, ಯಾಕಂದ್ರೆ ನಮ್ಮಲ್ಲಿ ಎಲ್ಲ ಜಾಮ್‌ಗೂ ಗ್ಯಾಸ್ ಕಟರೇ ಔಷಧಿ. ಸಾದಾ ನಟ್ಟು ಬೋಲ್ಟಿಗೆ ಅದು ಸರಿ. ಹೈಡ್ರಾಲಿಕ್ ಫಿಟ್ಟಿಂಗಿಗೆ ಬೆಂಕಿ ಹಿಡಿಯಬೇಡಿ. ಒಳಗೆ ಎಣ್ಣೆ, ಪಕ್ಕದಲ್ಲಿ ರಬ್ಬರ್ ಪೈಪು, ಓ-ರಿಂಗು. ಬಾಯಿ ಮುಚ್ಚಿದ ಜಾಕನ್ನು ಕಾಯಿಸಿದರೆ ಒಳಗೆ ಒತ್ತಡ ಏರಿ ಸಿಡಿಯಬಹುದು. ಬಿಸಿ ಬೇಕೇಬೇಕು ಅನ್ನಿಸಿದರೆ ಒಂದು ಚೊಂಬು ಕುದಿಯುವ ನೀರು ನಟ್ಟಿನ ಮೇಲೆ ಸುರಿದು ತಕ್ಷಣ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಜಾಕ್ ಕಳಚಿ, ಎಣ್ಣೆ ಬಸಿದು ವರ್ಕ್‌ಶಾಪಿಗೆ ಒಯ್ಯೋದೇ ದಾರಿ.

ಈಗ ನನ್ನ ತಪ್ಪು ಇನ್ನೊಂದು. ಆ ನಟ್ಟಿನ ಮೇಲೆ ಹಿಂದಿನ ವರ್ಷ ನಾನೇ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದೆ, ಸಗಣಿ ತಾಗದಿರಲಿ ಅಂತ. ಬಿಚ್ಚಿ ನೋಡಿದರೆ ಟ್ಯೂಬಿನೊಳಗೆ ಗಂಜಳ, ನೀರು ಸೇರಿ ಪಾಚಿ ಕಟ್ಟಿತ್ತು. ಗಾಳಿ ಆಡುವ ಕಡೆಯ ನಟ್ಟುಗಳು ಅದಕ್ಕಿಂತ ಚೆನ್ನಾಗಿದ್ದವು. ಮುಚ್ಚುವ ಬದಲು ಗೊಬ್ಬರದ ಕೆಲಸ ಮುಗಿದ ದಿನವೇ ಟ್ರೇಲರಿನ ಅಡಿಗೆ ನೀರು ಹೊಡೆದು, ಒಣಗಿದ ಮೇಲೆ ಗ್ರೀಸ್ ಸವರಿ.

ನಮ್ಮಂಥ ಸಾವಯವದವರ ಟ್ರೇಲರಿನಲ್ಲಿ ಗೊಬ್ಬರ, ಗಂಜಳವೇ ಹೆಚ್ಚು. ಅದರಿಂದ ಏಳುವ ಅಮೋನಿಯಾ ಹಿತ್ತಾಳೆಗೆ ಶತ್ರು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರಂತೆ. ಅವು ತಮ್ಮಷ್ಟಕ್ಕೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೇ ಕಾರಣ ಅನ್ನೋದು ತಿಳಿದದ್ದು 1921ರಲ್ಲಿ. ನಿಮ್ಮ ಪೈಪಿನ ಕಪ್ಲಿಂಗ್ ಹಿತ್ತಾಳೆಯದಾಗಿದ್ದರೆ ವರ್ಷಕ್ಕೊಮ್ಮೆ ಕೂದಲೆಳೆ ಬಿರುಕು ಇದೆಯಾ ನೋಡಿ.

ಹೊಸ ಪೈಪು ತರಲು ಹೋಗುವಾಗ ಹಳೇ ತುಂಡು, ಬಿಚ್ಚಿದ ನಟ್ಟು ಎರಡನ್ನೂ ಒಯ್ಯಿರಿ. "ಅರ್ಧ ಇಂಚು" ಅಂತ ಬಾಯಲ್ಲಿ ಹೇಳಿದರೆ ಸಾಲದು. ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿ.ಮೀ., ಇಂಚಿಗೆ 14 ಸುತ್ತು. ಪಕ್ಕದಲ್ಲೇ 22 ಮಿ.ಮೀ. ಮೆಟ್ರಿಕ್ ಥ್ರೆಡ್ ಇರುತ್ತೆ, ಕಣ್ಣಿಗೆ ಅಣ್ಣ-ತಮ್ಮ. ಎರಡು ಸುತ್ತು ಕೈಯಲ್ಲೇ ಹೋಗಿ ಮೂರನೆಯದಕ್ಕೆ ಹಿಡಿದರೆ ಸ್ಪ್ಯಾನರ್ ಹಾಕಬೇಡಿ, ಥ್ರೆಡ್ ಬೇರೆ ಅಂತ ಅರ್ಥ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಇಲ್ಲಿ ಸುತ್ತಬೇಡಿ. ಹೋಸ್ ಪೈಪಿನ ನಟ್ಟಿನಲ್ಲಿ ಎಣ್ಣೆ ನಿಲ್ಲಿಸೋದು ಥ್ರೆಡ್ಡಲ್ಲ, ಒಳಗಿನ ಕೋನ್. ಟೇಪಿನ ಎಳೆ ಹರಿದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತೆ. ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಸವರಿ ಹಾಕಿ, ಮುಂದಿನ ಸಲ ಬಿಚ್ಚುವವರು ನೀವೇ ತಾನೆ. ತಾಮ್ರದ ವಾಷರ್ ಇರುವ ಕಡೆ ಹೊಸ ವಾಷರ್ ಹಾಕಿ.

ಜೋಡಿಸಿದ ಮೇಲೆ ಸೋರುತ್ತಾ ಅಂತ ಬೆರಳಿನಿಂದ ತಡವಿ ನೋಡೋ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ದಯವಿಟ್ಟು ಬಿಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣದಂತೆ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಮ್ಮಿ. ಒಳಗೆ ಮಾಂಸ ಕೊಳೆಯುತ್ತಾ ಹೋಗುತ್ತೆ, ಬೆರಳೇ ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಸೋರಿಕೆ ನೋಡಲು ಉದ್ದನೆ ರಟ್ಟಿನ ತುಂಡು ಹಿಡಿಯಿರಿ, ಕನ್ನಡಕ ಇರಲಿ.

ಬೇಸಿಗೆಯಲ್ಲಿ ಇನ್ನೊಂದು ಥರದ ಜಾಮ್ ಇದೆ, ಅದಕ್ಕೆ ತುಕ್ಕು ಕಾರಣವಲ್ಲ. ಬಿಚ್ಚಿಟ್ಟ ಟ್ರೇಲರ್ ಬಿಸಿಲಿನಲ್ಲಿ ನಿಂತಿದ್ದರೆ ಪೈಪಿನೊಳಗೆ ಸಿಕ್ಕ ಎಣ್ಣೆ ಹಿಗ್ಗಿ, ಒತ್ತಿ ಕೂರಿಸುವ ಕಪ್ಲಿಂಗ್ ಕೂರೋದೇ ಇಲ್ಲ. ಅದರ ಮೂತಿಗೆ ಸುತ್ತಿಗೆಯಿಂದ ಹೊಡೆಯೋರನ್ನ ನೋಡಿದ್ದೀನಿ, ಎಣ್ಣೆ ನೇರ ಮುಖಕ್ಕೆ ಚಿಮ್ಮುತ್ತೆ. ಬಾಡಿ ಇಳಿದೇ ಇರಲಿ, ಪೈಪಿಗೆ ಒದ್ದೆ ಗೋಣಿ ಹೊದಿಸಿ ತಣ್ಣಗಾಗಲು ಬಿಡಿ, ಎಷ್ಟೋ ಸಲ ಅಷ್ಟೇ ಸಾಕು. ಇನ್ನು ಮುಂದೆ ಕಳಚುವಾಗ ಎಂಜಿನ್ ಆಫ್ ಮಾಡಿ ಲಿವರ್ ಇಳಿಸುವ ಕಡೆ ಇಟ್ಟು, ಒತ್ತಡ ಹೋದ ಮೇಲೆ ಕಳಚಿ.

ಹಾಳೆಯಲ್ಲಿ ಸಿಕ್ಕ ಎಣ್ಣೆಯನ್ನು ಕ್ಯಾನಿಗೆ ತುಂಬಿಟ್ಟು ಹಳೇ ಎಣ್ಣೆ ಕೊಳ್ಳುವವರಿಗೆ ಕೊಟ್ಟೆ. ನೆಲಕ್ಕೆ ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕಿ ಕೆರೆದು ತೆಗೆದೆ. ಆ ಹೊಟ್ಟನ್ನು ಗೊಬ್ಬರ ಗುಂಡಿಗೆ ಹಾಕಲು ಹೊರಟ ಆಳನ್ನು ಅಪ್ಪನೇ ತಡೆದರು.

ಮಧ್ಯಾಹ್ನ ಪೈಪು ಜೋಡಿಸಿ, ಖಾಲಿ ಬಾಡಿಯನ್ನು ನಾಲ್ಕೈದು ಸಲ ಎತ್ತಿ ಇಳಿಸಿ ಗಾಳಿ ಹೊರಹಾಕಿ, ಎಣ್ಣೆ ಮಟ್ಟ ನೋಡಿ ಕೆಲಸ ಶುರು ಮಾಡಿದ್ವಿ. ಮಾರನೇ ದಿನ ಸಂಜೆಯೊಳಗೆ ಮೂರು ಲೋಡ್ ಇಳಿಯಿತು. ನಾಲ್ಕನೆಯದಕ್ಕೆ ಮಳೆ ಬಂತು, ಅದನ್ನು ಬುಟ್ಟಿಯಲ್ಲಿ ಹೊತ್ತೆವು. ಕೊಟ್ಟಿಗೆ ಮಾಡಿಗೆ ಈಗ ಮತ್ತಿ ಮರದ ಕಂಬ ಇದೆ, ಆಸರೆ ಟ್ರೇಲರಿನಲ್ಲೇ ಇದೆ.