ಖಾಲಿ ಲಾರಿಯ ಲೆಕ್ಕ

ಹೆದ್ದಾರಿಯಲ್ಲಿ ಸಾಗುವ ಲಾರಿಯನ್ನು ಕಂಡಾಗ ಅದರ ಗಾತ್ರ, ಗಾಲಿಗಳ ಸಂಖ್ಯೆ, ಎಂಜಿನ್ನಿನ ಗುಡುಗು ಇವು ನಮ್ಮ ಗಮನವನ್ನು ಸೆಳೆಯುವುವು. ಇಂಧನವು ಉರಿದು ಗಾಲಿ ತಿರುಗುವ ಬಗೆಯನ್ನು ಭೌತಶಾಸ್ತ್ರದ ಪಠ್ಯಪುಸ್ತಕವು ನಮಗೆ ತಿಳಿಸಿಕೊಟ್ಟಿದೆ. ಆದರೆ ಆ ಲಾರಿಯು ಇಂದು ಈ ಹಾದಿಯಲ್ಲಿಯೇ, ಇಷ್ಟೇ ಹೊರೆಯೊಡನೆ, ಈ ಹೊತ್ತಿನಲ್ಲಿಯೇ ಏಕೆ ಹೋಗುತ್ತಿದೆ? ಈ ಪ್ರಶ್ನೆಗೆ ಎಂಜಿನ್ನು ಉತ್ತರ ಕೊಡಲಾರದು. ಎಲ್ಲಿಯೋ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಯಾರೋ ಒಬ್ಬರು ಕುಳಿತು ಅದನ್ನು ಲೆಕ್ಕ ಹಾಕಿ ತೀರ್ಮಾನಿಸಿರುವರು. ಆ ಲೆಕ್ಕವು ನೋಡುವುದಕ್ಕೆ ಅಂಗಡಿಯ ಲೆಕ್ಕದಂತೆ ಸರಳವಾಗಿ ತೋರಿದರೂ, ಕಳೆದ ಆರೇಳು ದಶಕಗಳಿಂದ ಗಣಿತಜ್ಞರ ನಿದ್ದೆ ಕೆಡಿಸಿರುವ ಲೆಕ್ಕವಾಗಿದೆ. ಅದು ತಪ್ಪಿದಾಗ ನಿದ್ದೆ ಕೆಡುವುದು ಗಣಿತಜ್ಞರದು ಮಾತ್ರವಲ್ಲ. ಆ ಸಂಗತಿಗೆ ಕೊನೆಯಲ್ಲಿ ಬರೋಣ.

ಲಾರಿಯ ಖರ್ಚಿನಲ್ಲಿ ಎರಡು ಬಗೆ. ಸಾಲದ ಕಂತು, ವಿಮೆ, ರಹದಾರಿ ಶುಲ್ಕ, ಸಂಬಳ ಇವು ಲಾರಿ ಓಡಿದರೂ ನಿಂತರೂ ತಪ್ಪವು. ಡೀಸೆಲ್ಲು, ಟೈರಿನ ಸವೆತ, ಟೋಲು ಇವು ಓಡಿದಷ್ಟಕ್ಕೆ ತಗಲುವುವು. ಆದುದರಿಂದ ನಿಂತ ಲಾರಿಯೂ ಹಣವನ್ನು ತಿನ್ನುವುದು, ಖಾಲಿ ಓಡುವ ಲಾರಿಯು ಇನ್ನೂ ಹೆಚ್ಚಾಗಿ ತಿನ್ನುವುದು. ಟೋಲು ಕಟ್ಟೆಯಲ್ಲಿ ವಾಹನದ ವರ್ಗವನ್ನು ನೋಡಿ ಸುಂಕ ತೆಗೆದುಕೊಳ್ಳುವರೇ ಹೊರತು, ಒಳಗೆ ಸರಕು ಉಂಟೇ ಇಲ್ಲವೇ ಎಂದು ಯಾರೂ ಕೇಳುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಮುಂಬಯಿಗೆ ಸುಮಾರು ೧,೦೦೦ ಕಿಲೋಮೀಟರು. ಸರಕನ್ನು ಮುಂಬಯಿಯಲ್ಲಿ ಇಳಿಸಿಯಾಯಿತು. ಲಾರಿ ಮರಳಿ ಬರಬೇಕು. ಖಾಲಿ ಬಂದರೆ ಲೀಟರಿಗೆ ೬ ಕಿಲೋಮೀಟರು, ತುಂಬಿ ಬಂದರೆ ೪ ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ, ಖಾಲಿ ಪಯಣಕ್ಕೆ ೧೬೭ ಲೀಟರೂ ತುಂಬಿದ ಪಯಣಕ್ಕೆ ೨೫೦ ಲೀಟರೂ ಬೇಕಾಗುವುವು. ವ್ಯತ್ಯಾಸ ೮೩ ಲೀಟರು. ಲೀಟರಿಗೆ ೯೦ ರೂಪಾಯಿಯಂತೆ ಸುಮಾರು ೭,೫೦೦ ರೂಪಾಯಿ. ಹಮಾಲಿ ಮತ್ತು ದಲ್ಲಾಳಿಯ ಕಮಿಷನ್ನು ಸೇರಿ ೧೦,೦೦೦ ಎನ್ನೋಣ. ಮರಳುವ ಹೊರೆಗೆ ೩೦,೦೦೦ ರೂಪಾಯಿ ಬಾಡಿಗೆ ದೊರೆತರೆ ಉಳಿಯುವುದು ೨೦,೦೦೦. ಆದರೆ ಹೊರೆ ಇಂದು ಸಿಕ್ಕಲಿಲ್ಲ, ಕಾಯಬೇಕೇ, ಹೊರಡಬೇಕೇ?

ಇಲ್ಲಿ ಅನೇಕರು ಕಾದ ದಿನದ ಬೆಲೆಯನ್ನು ಕಂತು ಮತ್ತು ಸಂಬಳದಿಂದ ಅಳೆಯುವರು. ಅದು ಸರಿಯಾದ ಅಳತೆಯಲ್ಲ. ಏಕೆಂದರೆ ಕಂತು ಮತ್ತು ಸಂಬಳ ಹೇಗಿದ್ದರೂ ಕೊಡಬೇಕಾದುವೇ. ಆ ದಿನ ಲಾರಿಯು ಊರಿನಲ್ಲಿದ್ದಿದ್ದರೆ ಎಷ್ಟು ಗಳಿಸುತ್ತಿತ್ತೋ ಅದೇ ಕಾಯುವುದರ ನಿಜವಾದ ಬೆಲೆ. ಅದು ದಿನಕ್ಕೆ ೫,೦೦೦ ರೂಪಾಯಿ ಆಗಿದ್ದರೆ, ನಾಲ್ಕು ದಿನ ಕಾದು ತಂದ ಹೊರೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದನೆಯ ದಿನ ಕಾಯುವುದಕ್ಕಿಂತ ಮೊದಲ ದಿನವೇ ಖಾಲಿ ಹೊರಟಿದ್ದರೆ ಲೇಸಾಗುತ್ತಿತ್ತು. ಕಷ್ಟವಿರುವುದು ಮೂರನೆಯ ದಿನದ ಸಂಜೆಯಲ್ಲಿ. "ಇಷ್ಟು ದಿನ ಕಾದೆವು, ಈಗ ಖಾಲಿ ಹೋಗುವುದೇ?" ಎಂದು ಮನಸ್ಸು ಹಟ ಹಿಡಿಯುವುದು. ಕಳೆದ ಮೂರು ದಿನಗಳು ಕಾದರೂ ಹಿಂದಿರುಗವು, ಹೊರಟರೂ ಹಿಂದಿರುಗವು. ನಾಳೆ ಹೊರೆ ಸಿಕ್ಕುವ ಸಂಭವವೆಷ್ಟು ಎಂಬುದೊಂದೇ ಆಗ ಕೇಳತಕ್ಕ ಪ್ರಶ್ನೆ.

ಮರಳುವ ಹೊರೆಗೆ ಬಾಡಿಗೆ ಕಡಿಮೆಯಾಗಿರುವುದು ಸಾಮಾನ್ಯ. ಹೇಗೂ ಹಿಂದಿರುಗಲೇಬೇಕಾದ ಲಾರಿಗೆ ಹೆಚ್ಚಿನ ಖರ್ಚು ತೀರಿ ನಾಲ್ಕು ಕಾಸು ಉಳಿದರೂ ಅದು ಗಳಿಕೆಯೇ. ಈ ಸಂಗತಿ ಸರಕಿನ ಒಡೆಯನಿಗೂ ಗೊತ್ತು, ನಡುವಿನ ದಲ್ಲಾಳಿಗೂ ಗೊತ್ತು. ಇನ್ನು ಕೆಲವು ಹೊರೆಗಳಿಗೆ ಮರುಹೊರೆಯೇ ಇಲ್ಲ. ಪೆಟ್ರೋಲಿನ ಟ್ಯಾಂಕರಿನಲ್ಲಿ ಹಿಂದಿರುಗುವಾಗ ಹಾಲನ್ನು ತರುವುದಕ್ಕೆ ಬರುವುದಿಲ್ಲ. ೨೦೧೦ರಲ್ಲಿ ನಮ್ಮ ರಾಜ್ಯವು ಕಬ್ಬಿಣದ ಅದಿರಿನ ರಫ್ತನ್ನು ತಡೆಯುವವರೆಗೆ ಸಂಡೂರು, ಹೊಸಪೇಟೆಗಳ ಕಡೆಯಿಂದ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದ ಸಾಲುಸಾಲು ಲಾರಿಗಳನ್ನು ನೆನೆಯಬಹುದು. ಘಟ್ಟದ ಕೆಳಗಿನಿಂದ ಗಣಿಗೆ ಅಷ್ಟೇ ತೂಕದ ಯಾವ ಸರಕು ಹೋಗಬೇಕು? ಇಂಥ ಕಡೆ ಹೋಗುವ ಬಾಡಿಗೆಯಲ್ಲಿಯೇ ಬರುವ ಖರ್ಚನ್ನೂ ಸೇರಿಸದೆ ಗತ್ಯಂತರವಿಲ್ಲ.

ಇಷ್ಟೂ ಒಂದು ಲಾರಿ, ಒಂದು ಊರಿನ ಮಾತಾಯಿತು. ಹಲವು ಲಾರಿ, ಹಲವು ಊರುಗಳಾದಾಗ ಲೆಕ್ಕದ ಸ್ವರೂಪವೇ ಬದಲಾಗುವುದು. ೧೯೫೯ರಲ್ಲಿ ಅಮೆರಿಕದ ಜಾರ್ಜ್ ಡಾಂಟ್‌ಜಿಗ್ ಮತ್ತು ಜಾನ್ ರಾಮ್‌ಸರ್ ಎಂಬವರು ಈ ಸಮಸ್ಯೆಯನ್ನು ಗಣಿತದ ಭಾಷೆಯಲ್ಲಿ ಮೊದಲ ಬಾರಿಗೆ ಬರೆದರು. ಒಂದು ಡಿಪೋದಿಂದ ಹಲವು ಪೆಟ್ರೋಲು ಬಂಕುಗಳಿಗೆ ಟ್ಯಾಂಕರುಗಳನ್ನು ಕಳುಹಿಸಬೇಕು. ಪ್ರತಿಯೊಂದು ಬಂಕಿನ ಬೇಡಿಕೆಯೂ ಟ್ಯಾಂಕರಿನ ಅಳತೆಯೂ ಗೊತ್ತಿವೆ. ಒಟ್ಟು ಓಡುವ ದೂರ ಅತ್ಯಂತ ಕಡಿಮೆಯಾಗಬೇಕು. ಅವರು ತೆಗೆದುಕೊಂಡ ಉದಾಹರಣೆಯಲ್ಲಿ ಇದ್ದುದು ಕೇವಲ ೧೨ ತಾಣಗಳು.

ಹನ್ನೆರಡೇ ತಾನೆ, ಎಲ್ಲ ಹಾದಿಗಳನ್ನೂ ಬರೆದು ನೋಡಿಬಿಡೋಣ ಎನ್ನುವಿರಾ? ಒಂದೇ ಲಾರಿಯು ೫ ಊರುಗಳನ್ನು ಸುತ್ತಿ ಬರುವುದಾದರೆ ೬೦ ಬೇರೆ ಬೇರೆ ಸುತ್ತುಗಳಿರುವುವು. ಇದನ್ನು ಕಾಗದದ ಮೇಲೆ ಮಾಡಬಹುದು. ೧೨ ಊರುಗಳಾದರೆ ಸುತ್ತುಗಳ ಸಂಖ್ಯೆ ೨೩,೯೫,೦೦,೮೦೦. ಇಪ್ಪತ್ತು ಊರುಗಳಾದರೆ ಒಂದರ ಮುಂದೆ ಹದಿನೆಂಟು ಸೊನ್ನೆಗಳನ್ನು ಬರೆದು ದೊರೆಯುವ ಸಂಖ್ಯೆಗಿಂತಲೂ ಹೆಚ್ಚು. ಸೆಕೆಂಡಿಗೆ ಹತ್ತು ಕೋಟಿ ಸುತ್ತುಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಅದು ಈ ಕೆಲಸವನ್ನು ಮುಗಿಸುವುದಕ್ಕೆ ಸುಮಾರು ೩೮೫ ವರ್ಷಗಳು ಬೇಕು. ಲಾರಿ ಹೊರಡಬೇಕಾದುದು ನಾಳೆ ಬೆಳಗ್ಗೆ!

ಆದಕಾರಣ ಸರ್ವೋತ್ತಮ ಹಾದಿಯ ಆಸೆಯನ್ನು ಬಿಟ್ಟು ಒಳ್ಳೆಯ ಹಾದಿಯನ್ನು ಬೇಗ ಹುಡುಕುವ ಉಪಾಯಗಳು ಹುಟ್ಟಿದುವು. ಅವುಗಳಲ್ಲಿ ಬಹಳ ಹೆಸರಾದುದು ೧೯೬೪ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಮತ್ತು ರೈಟ್ ಎಂಬವರು ಸೂಚಿಸಿದ 'ಉಳಿತಾಯ'ದ ವಿಧಾನ. ಇದು ಎಷ್ಟು ಸರಳವೆಂದರೆ ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದು. ಮೊದಲು ಪ್ರತಿ ಊರಿಗೂ ಒಂದೊಂದು ಲಾರಿ ಹೋಗಿ ಬರುವುದೆಂದು ಭಾವಿಸಬೇಕು. ಅನಂತರ ಎರಡೆರಡು ಊರುಗಳನ್ನು ಒಂದೇ ಸುತ್ತಿಗೆ ಸೇರಿಸಿದರೆ ಎಷ್ಟು ದೂರ ಉಳಿಯುವುದೆಂದು ನೋಡಬೇಕು. ಡಿಪೋದಿಂದ ಆ ಎರಡು ಊರುಗಳಿಗಿರುವ ದೂರಗಳನ್ನು ಕೂಡಿಸಿ, ಊರಿನಿಂದ ಊರಿಗಿರುವ ದೂರವನ್ನು ಕಳೆದರೆ ಉಳಿತಾಯ ದೊರೆಯುವುದು. ಡಿಪೋ ಹುಬ್ಬಳ್ಳಿಯಲ್ಲಿದೆ ಎನ್ನಿ. ಧಾರವಾಡಕ್ಕೆ ಸುಮಾರು ೨೦, ಬೆಳಗಾವಿಗೆ ಸುಮಾರು ೯೫, ಇವೆರಡರ ನಡುವೆ ೭೫ ಕಿಲೋಮೀಟರು. ಉಳಿತಾಯ ೨೦ ಕೂಡಿಸು ೯೫ ಕಳೆ ೭೫, ಅಂದರೆ ೪೦ ಕಿಲೋಮೀಟರು. ಇನ್ನು ಗದಗು ೬೦ ಕಿಲೋಮೀಟರು, ಆದರೆ ಎದುರು ದಿಕ್ಕು. ಧಾರವಾಡದಿಂದ ಗದಗಿಗೆ ಹುಬ್ಬಳ್ಳಿಯ ಮೇಲೆಯೇ ಹೋಗಬೇಕೆಂದರೆ ನಡುವಿನ ದೂರ ೮೦. ಉಳಿತಾಯ ಸೊನ್ನೆ. ಎಲ್ಲ ಜೋಡಿಗಳಿಗೂ ಹೀಗೆ ಲೆಕ್ಕ ಹಾಕಿ, ಹೆಚ್ಚಿನ ಉಳಿತಾಯದ ಜೋಡಿಯಿಂದ ತೊಡಗಿ, ಲಾರಿಯ ಅಳತೆ ಮೀರದಂತೆ ಊರುಗಳನ್ನು ಪೋಣಿಸುತ್ತ ಹೋಗುವುದು. ಫಲ ಸರ್ವೋತ್ತಮವೇ ಆಗಿರುವುದೆಂಬ ಭರವಸೆಯೇನೂ ಇಲ್ಲ. ಆದರೂ ಅದರಿಂದ ಬಹಳ ದೂರ ಇರುವುದೂ ಅಪರೂಪ. ಇಂದಿನ ಕಂಪ್ಯೂಟರುಗಳು ಬಳಸುವ ಅನೇಕ ವಿಧಾನಗಳಿಗೆ ಇಂಥ ಸರಳ ಉಪಾಯಗಳೇ ತಳಹದಿ.

ಹಾದಿಯಲ್ಲಿ ಉಳಿಸಲಾಗದ ಹಣವನ್ನು ಹೊರೆಯಲ್ಲಿ ಉಳಿಸುವ ಆಸೆ ಮಾಲಿಕನಿಗೆ ಹುಟ್ಟುವುದು ಸಹಜ. ಹತ್ತು ಟನ್ನಿನ ಜಾಗದಲ್ಲಿ ಹನ್ನೆರಡು ಟನ್ನು ಹೇರಿದರೆ ಏನಾಯಿತು? ರಸ್ತೆಯನ್ನು ಕೇಳಬೇಕು. ೧೯೫೮ರಿಂದ ೧೯೬೦ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ ಪರೀಕ್ಷೆಗೆಂದೇ ಸುತ್ತುರಸ್ತೆಗಳನ್ನು ಕಟ್ಟಿ, ಸೈನಿಕರಿಂದ ಲಾರಿಗಳನ್ನು ಹಗಲಿರುಳು ಓಡಿಸಿದರು. ಅಚ್ಚುಗಳ ಹೊರೆ ರಸ್ತೆಯ ಮೇಲೆ ಹಾದುದು ಹತ್ತು ಲಕ್ಷಕ್ಕೂ ಮಿಕ್ಕಿದ ಬಾರಿ. ರಸ್ತೆಗೆ ಆಗುವ ಹಾನಿಯು ಅಚ್ಚಿನ ಮೇಲಿನ ಹೊರೆಯ ಸರಿಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದೆಂದು ಆಗ ತಿಳಿದುಬಂದಿತು. ಹೊರೆ ಇಮ್ಮಡಿಯಾದರೆ ಹಾನಿ ಹದಿನಾರು ಮಡಿ. ಹತ್ತಕ್ಕೆ ಹನ್ನೆರಡಾದರೆ, ಅಂದರೆ ಐದನೆಯ ಒಂದು ಪಾಲು ಮಾತ್ರ ಹೆಚ್ಚಾದರೆ, ಹಾನಿ ಎರಡು ಪಟ್ಟು.

ನಮ್ಮ ದೇಶದಲ್ಲಿ ೨೦೧೮ರಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ಕ್ಕೂ, ಎರಡು ಅಚ್ಚಿನ ಲಾರಿಯ ಒಟ್ಟು ತೂಕವನ್ನು ೧೬.೨ರಿಂದ ೧೮.೫ಕ್ಕೂ ಏರಿಸಿದರು. ಮೇಲಿನ ನಿಯಮದಂತೆ ಹಿಂದಿನ ಅಚ್ಚಿನಿಂದ ಆಗುವ ಸವೆತ ಪ್ರತಿ ಪಯಣಕ್ಕೆ ೧.೬ ಪಟ್ಟಾಗುವುದು. ಆದರೆ ಹೊರೆ ಹೆಚ್ಚಿದುದರಿಂದ ಪಯಣಗಳು ಕಡಿಮೆಯಾದುವಲ್ಲವೆ? ಖಾಲಿ ಲಾರಿಯ ತೂಕ ೬ ಟನ್ನೆಂದರೆ, ಮೊದಲು ೧೦೦ ಪಯಣಗಳಲ್ಲಿ ಸಾಗುತ್ತಿದ್ದ ಸರಕು ಈಗ ೮೨ ಪಯಣಗಳಲ್ಲಿ ಸಾಗುವುದು. ೮೨ನ್ನು ೧.೬ರಿಂದ ಗುಣಿಸಿದರೆ ೧೩೧. ಡೀಸೆಲ್ಲು ಉಳಿಯಿತು, ರಸ್ತೆ ಸವೆಯಿತು. ಉಳಿತಾಯವು ಒಬ್ಬರ ಜೇಬಿಗೂ ಸವೆತವು ಎಲ್ಲರ ಲೆಕ್ಕಕ್ಕೂ ಹೋಗುವುದರಿಂದ ಇಂಥ ಮಿತಿಗಳನ್ನು ಕಾನೂನೇ ವಿಧಿಸಬೇಕಾಗಿದೆ.

ಲಾರಿಗಳ ಸಂಖ್ಯೆಯ ವಿಷಯವಾಗಿಯೂ ಎರಡು ಮಾತು. ಯಾವುದೇ ದಿನ ಒಂದು ಲಾರಿ ಕೆಟ್ಟು ಗ್ಯಾರೇಜಿನಲ್ಲಿರುವ ಸಂಭವ ನೂರಕ್ಕೆ ಐದೆಂದು ಇಟ್ಟುಕೊಳ್ಳೋಣ. ಇಪ್ಪತ್ತು ಲಾರಿಗಳ ಮಾಲಿಕನಿಗೆ ಇಪ್ಪತ್ತೂ ಓಡುವ ದಿನಗಳು ನೂರರಲ್ಲಿ ೩೬ ಮಾತ್ರ. ಆದರೆ ಅವನು ಎರಡು ಲಾರಿಗಳನ್ನು ಮೀಸಲು ಇರಿಸಿಕೊಂಡರೆ ತೊಂದರೆಯ ದಿನಗಳು ನೂರರಲ್ಲಿ ಸುಮಾರು ಎಂಟಕ್ಕೆ ಇಳಿಯುವುವು. ಒಂದೇ ಲಾರಿ ಉಳ್ಳವನು ಮೀಸಲಿಗೆ ಇನ್ನೊಂದನ್ನು ಕೊಳ್ಳಬೇಕೆಂದರೆ ಬಂಡವಾಳವು ಇಮ್ಮಡಿಯಾಗುವುದು. ೧೯೭೬ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ತೊಡಗಿದ ವಿಜಯ ಸಂಕೇಶ್ವರರ ಉದ್ಯಮವು ಮುಂದೆ ಸಾವಿರಾರು ವಾಹನಗಳಿಗೆ ಬೆಳೆದುದನ್ನು ಕನ್ನಡಿಗರು ಬಲ್ಲರು. ಆದರೆ ದೇಶದ ಲಾರಿ ಮಾಲಿಕರಲ್ಲಿ ಬಹುಮಂದಿ ಇಂದಿಗೂ ಐದಕ್ಕಿಂತ ಹೆಚ್ಚು ಲಾರಿ ಉಳ್ಳವರಲ್ಲ. ಲಾರಿ ಕೆಟ್ಟು ಕಳೆದ ಎರಡು ದಿನಗಳನ್ನು ಅಂಥವನು ಎಲ್ಲಿಂದ ಮರಳಿ ಪಡೆಯಬೇಕು? ಸಾಮಾನ್ಯವಾಗಿ ಚಾಲಕನ ನಿದ್ದೆಯಿಂದ. ಅನೇಕ ಸಲ ಆ ಚಾಲಕ ಅವನೇ.

ಈ ಲೆಕ್ಕದಲ್ಲಿ ವಿಜ್ಞಾನವು ಹೇಳುವುದು ಬಹಳ ಸ್ಪಷ್ಟ. ೧೯೯೭ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಕೆಲವರನ್ನು ಎಚ್ಚರವಿರಿಸಿ, ಕಣ್ಣು ಕೈಗಳ ಹೊಂದಾಣಿಕೆಯನ್ನು ಪರೀಕ್ಷಿಸಿದರು. ಇನ್ನೊಂದು ದಿನ ಅವರಿಗೇ ಅಳೆದು ಮದ್ಯ ಕೊಟ್ಟು ಅದೇ ಪರೀಕ್ಷೆಯನ್ನು ಮಾಡಿದರು. ೧೭ ಗಂಟೆ ಎಚ್ಚರವಿದ್ದವನ ಕೈಚಳಕವು, ೧೦೦ ಮಿಲಿಲೀಟರು ರಕ್ತದಲ್ಲಿ ೫೦ ಮಿಲಿಗ್ರಾಂ ಮದ್ಯಸಾರ ಉಳ್ಳವನಷ್ಟೇ ಕುಗ್ಗಿತ್ತು. ನಮ್ಮ ಮೋಟಾರು ವಾಹನ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ ೩೦ ಮಿಲಿಗ್ರಾಂ. ಕುಡಿದವನನ್ನು ಹಿಡಿಯಲು ಉಸಿರನ್ನು ಅಳೆಯುವ ಯಂತ್ರವುಂಟು. ನಿದ್ದೆಗೆಟ್ಟವನನ್ನು ರಸ್ತೆಬದಿಯಲ್ಲಿ ಅಷ್ಟು ಸುಲಭವಾಗಿ ಅಳೆಯುವಂತಿಲ್ಲ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಲಾರಿಯು ಸೆಕೆಂಡಿಗೆ ೨೨ ಮೀಟರು ಸಾಗುವುದು. ಮೂರೇ ಸೆಕೆಂಡು ರೆಪ್ಪೆ ಮುಚ್ಚಿದರೆ ೬೬ ಮೀಟರುಗಳ ಹಾದಿಯನ್ನು ಅದು ಕುರುಡಾಗಿ ಕ್ರಮಿಸಿರುವುದು. ನಡುರಾತ್ರಿ ಕಳೆದು ಬೆಳಗಾಗುವ ಮೊದಲಿನ ಗಂಟೆಗಳಲ್ಲಿ ದೇಹವು ತಾನಾಗಿಯೇ ನಿದ್ದೆಗೆ ಎಳೆಯುವುದರಿಂದ ಅಪಾಯ ಮತ್ತಷ್ಟು. ಚಹಾ ಕುಡಿದರೆ ತೂಕಡಿಕೆ ಸ್ವಲ್ಪ ಹೊತ್ತು ಮುಂದಕ್ಕೆ ಹೋಗುವುದೇ ಹೊರತು ನಿದ್ದೆಯ ಸಾಲ ತೀರುವುದಿಲ್ಲ.

೧೯೬೧ರಲ್ಲಿಯೇ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಮಿತಿಯನ್ನು ವಿಧಿಸಿತು. ಆದರೆ ಅದು ಅನ್ವಯಿಸಿದುದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದೆರಡು ಲಾರಿಗಳ ಮಾಲಿಕನು ಆ ಲೆಕ್ಕದಿಂದ ಹೊರಗೇ ಉಳಿದನು.

ದೊಡ್ಡ ಸಂಸ್ಥೆಗಳಲ್ಲಿ ಕೆಲವು ಇದಕ್ಕೆ ಒಂದು ಹಳೆಯ ಉಪಾಯವನ್ನು ಹೊಸದಾಗಿ ಬಳಸಿವೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಮೈಸೂರು ಅಂಚೆಯಲ್ಲಿ ಒಬ್ಬ ಓಟಗಾರನು ತನ್ನ ಪಾಲಿನ ದೂರವನ್ನು ಓಡಿ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಅದರಂತೆಯೇ ಲಾರಿಯು ನಿಲ್ಲದೆ ಸಾಗುವುದು, ನಾಲ್ಕೈದು ಗಂಟೆಗಳಿಗೊಮ್ಮೆ ಚಾಲಕನು ಬದಲಾಗುವನು. ಇಳಿದವನು ಎದುರಿನಿಂದ ಬರುವ ಇನ್ನೊಂದು ಲಾರಿಯನ್ನು ಹಿಡಿದು ತನ್ನ ಊರಿಗೆ ಮರಳಿ, ರಾತ್ರಿ ಮನೆಯಲ್ಲಿ ಮಲಗುವನು. ಸರಕು ಬೇಗ ತಲಪುವುದು, ಚಾಲಕನಿಗೂ ನಿದ್ದೆ ದೊರೆಯುವುದು. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಎರಡು ದಿಕ್ಕಿನಲ್ಲಿಯೂ ಹೆಚ್ಚುಕಡಮೆ ಸಮನಾಗಿ ಲಾರಿಗಳು ಓಡುತ್ತಿರಬೇಕು. ಹೋಗುವ ಸರಕು ಹೆಚ್ಚಾಗಿ ಬರುವ ಸರಕು ಕಡಿಮೆಯಾದ ಹಾದಿಯಲ್ಲಿ, ಇಳಿದ ಚಾಲಕನನ್ನು ಮನೆಗೆ ತಲಪಿಸುವುದಕ್ಕಾಗಿಯೇ ಒಂದು ಲಾರಿಯನ್ನು ಖಾಲಿ ಓಡಿಸಬೇಕಾಗುವುದು.